ಜಿಗಣಿ ವ್ಯಾನಿನ ಮುಂದಿನ ಸೀಟು

ನಿನ್ನೆ ಸಂಜೆ ಬೇಗೂರಿನ ಗ್ರಂಧಿಗೆ ಅಂಗಡಿಯಲ್ಲಿ ಕಾಳುಮೆಣಸು ಕಟ್ಟಿಸಿಕೊಳ್ಳುತ್ತ ನಿಂತಿದ್ದೆ. ಅಂಗಡಿಯವರು ಇನ್ಯಾರಿಗೋ ಕೊಡಲು ಪಕ್ಕದ ಡಬ್ಬದ ಮುಚ್ಚಳ ತೆಗೆದರು. ಜೇಷ್ಠಮಧುವಿನ ವಾಸನೆ. ನೀವೂ ಚಿಕ್ಕಂದಿನಲ್ಲಿ ಕೆಮ್ಮು ಬಂದಾಗ ಜಗಿದಿರುತ್ತೀರಿ. ಮೊದಲು ಬರೀ ಕಟ್ಟಿಗೆ, ಆಮೇಲೆ ಬೇಡವೆಂದರೂ ಬಿಡದ ಸಿಹಿ. ನಿಮಗೆ ಆ ವಾಸನೆಗೆ ಅಜ್ಜಿ ನೆನಪಾಗಬಹುದು. ನನಗೆ ಒಬ್ಬ ರಾಕ್ ಗಾಯಕ ನೆನಪಾಗುತ್ತಾನೆ. ನನ್ನ ಮುಖ ನೋಡಿದ ಅಂಗಡಿಯವರು, "ಗಂಟ್ಲು ಕೆಟ್ಟೈತಾ ತಮ್ಮಾ?" ಅಂದರು. "ನಂದಲ್ಲ ಅಣ್ಣ" ಅಂದೆ. "ಮತ್ಯಾರ್ದು?" ಎಂದು ಕೇಳಿದರು. ಹಿಂದೆ ಗಿರಾಕಿಗಳು ಕಾಯುತ್ತಿದ್ದರು, ಅವರಿಗೆ ಹೇಳಲಾಗಲಿಲ್ಲ. ನಿಮಗೆ ಪುರಸೊತ್ತಿದೆಯಲ್ಲ, ನಿಮಗೆ ಹೇಳುತ್ತೇನೆ.

ಮೊದಲು ನನ್ನ ವಿಷಯ. ನಮ್ಮದು ಬೇಗೂರೇ. ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟು ಬೆಳೆದಿದೆ. ನಾನು ಜಿಗಣಿಯ ಕಾರ್ಖಾನೆಯೊಂದರಲ್ಲಿ ವಾಲ್ವುಗಳನ್ನು ಅಳೆದು ನೋಡಿ ಪಾಸು, ಫೇಲು ಎನ್ನುವವನು. ಅದು ಸಂಬಳದ ಕೆಲಸ. ಹುಟ್ಟಿನಿಂದ ಬಂದದ್ದು ಮಿಮಿಕ್ರಿ. ರಜೆ ಕೇಳಿದರೆ ನಮ್ಮ ಮ್ಯಾನೇಜರು ಮೂಗಿನಿಂದ ಹೊರಡಿಸುವ "ನೋಡೋಣಾ" ನನ್ನ ಬಾಯಲ್ಲಿ ಅವರಿಗಿಂತ ಚೆನ್ನಾಗಿ ಬರುತ್ತದೆ. ಮದುವೆ ಮನೆಗಳಲ್ಲಿ ನೆಂಟರು ನನ್ನನ್ನು ಕಂಡರೆ ಬಾಯಿ ಮುಚ್ಚಿಕೊಳ್ಳುತ್ತಾರೆ. ಇನ್ನು ನನ್ನ ಸ್ವಂತ ದನಿಯೋ, ಅದರ ಸುದ್ದಿ ಬೇಡ. ಫೋನಿನಲ್ಲಿ ಕೇಳಿದವರು ಈಗಲೂ "ಅಪ್ಪ ಇಲ್ವಾ ಪುಟ್ಟೀ?" ಎನ್ನುತ್ತಾರೆ.

ಬೇಗೂರಿನಿಂದ ಜಿಗಣಿಗೆ ನಮ್ಮ ಕಂಪನಿಯ ವ್ಯಾನಿದೆ. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಕೂತು ಕೂತು ತಲೆ ಕೆಟ್ಟಾಗ ಹುಟ್ಟಿದ ಕಟ್ಟಳೆಯೊಂದು ಆ ವ್ಯಾನಿಗಿದೆ. ಆ ದಿನ ಮುಂದಿನ ಸೀಟಿನಲ್ಲಿ ಕೂತವರು ತಮ್ಮ ಮೆಚ್ಚಿನ ಒಂದು ರಾಕ್ ಹಾಡು ಹಾಕಬೇಕು. ಮುಗಿದ ಮೇಲೆ ಅದು ತಮ್ಮದಾದ ಕತೆ ಹೇಳಬೇಕು. ಹಾಡಿನ ಹೆಸರು, ತಂಡದ ಹೆಸರು ಎತ್ತುವಂತಿಲ್ಲ. ಈ ಕೊನೆಯ ಮಾತು ಅಕೌಂಟ್ಸಿನ ಶೋಭಕ್ಕ ಸೇರಿಸಿದ್ದು. ಹೆಸರು ಎತ್ತಿದರೆ ಹುಡುಗರು ಯಾವ ತಂಡ ದೊಡ್ಡದು ಎಂದು ಕಿತ್ತಾಡುತ್ತಾರೆ, ಕತೆ ಹೇಳಿಸಿದರೆ ಬಾಲ ಮುದುರಿಕೊಳ್ಳುತ್ತಾರೆ ಎನ್ನುವುದು ಅವಳ ಲೆಕ್ಕ.

ಶೋಭಕ್ಕನ ಹಾಡು ಬರೀ ಡ್ರಮ್ಮಿನಿಂದ ಶುರುವಾಗುತ್ತದೆ. ಮೊದಲ ಕೆಲಸ ಸಿಕ್ಕಾಗ ಅವಳು ಪಟ್ಟಂದೂರು ಅಗ್ರಹಾರದ ಪಿ.ಜಿ. ಒಂದರಲ್ಲಿದ್ದಳಂತೆ. ಊರಿಗೆ ಓಡಿಹೋಗಲು ಬ್ಯಾಗು ಕಟ್ಟಿ, ಅಳುತ್ತ ಕೂತಿದ್ದಾಗ ಪಕ್ಕದ ರೂಮಿನ ಹುಡುಗಿ ಗೋಡೆ ನಡುಗುವ ಹಾಗೆ ತಾಳ ಬಡಿಯುವ ಸದ್ದು. ಜಗಳ ಆಡಲು ಹೋದಳು. ಆ ಹುಡುಗಿ ಮಾತೇ ಆಡದೆ ಇಯರ್‌ಫೋನಿನ ಒಂದು ಬದಿಯನ್ನು ಇವಳ ಕಿವಿಗಿಟ್ಟಳು. "ಬ್ಯಾಗ್ ಬಿಚ್ಚಿಟ್ಟೆ ಕಣ್ರೋ, ಅಷ್ಟೇ ಕತೆ" ಎಂದು ಶೋಭಕ್ಕ ಕಿಟಕಿಯ ಕಡೆ ತಿರುಗಿದ್ದಳು. ಡ್ರೈವರ್ ಮುನಿರಾಜಣ್ಣನಿಗೆ ಇಂಗ್ಲಿಷ್ ಬರುವುದಿಲ್ಲ, ಅದರಿಂದ ಅವನಿಗೆ ಯಾವ ತೊಂದರೆಯೂ ಆಗಿಲ್ಲ. "ಈವಪ್ಪಂಗೆ ಇಳಿಜಾರ್ನಾಗೆ ಬ್ರೇಕ್ ಓಗೈತೆ. ನಂಗೂ ಒಂದ್ಸಲ ಓಗಿತ್ತು. ಇಂಗೇ ಕೂಗಿದ್ದೆ" ಎಂದು ತನ್ನ ಹಾಡಿಗೆ ಅರ್ಥ ಹೇಳಿದ. ನನ್ನ ಕತೆ ಕೇಳುತ್ತೀರಾ? ಜಿಮ್ಮಿಗೆ ಸೇರಿದ ಹೊಸದರಲ್ಲಿ, ಹುಡುಗಿಯರು ನೋಡುತ್ತಿದ್ದಾರೆಂದು ಆಗದ ಭಾರ ಎತ್ತಲು ಹೋಗಿ, ರಾಡಿನ ಅಡಿ ಸಿಕ್ಕಿಕೊಂಡು ಬಿದ್ದಿದ್ದೆ. ಯಾರೋ ಬಂದು ಎತ್ತುವವರೆಗೆ ಸ್ಪೀಕರಿನಲ್ಲಿ ಉದ್ದನೆಯ ಗಿಟಾರ್ ಸೋಲೋ ಒಂದು ಹರಿಯುತ್ತಲೇ ಇತ್ತು. ಪ್ರಾಣ ಹೋಗುತ್ತಿರುವಾಗ ಕೇಳಿದ ಹಾಡು ಮರೆಯಲಾಗುತ್ತದೆಯೇ?

ಇವರೆಲ್ಲರ ನಡುವೆ ವಿರೂಪಾಕ್ಷ. ಡ್ರಾಯಿಂಗ್ ವಿಭಾಗದವನು, ದಾವಣಗೆರೆ ಕಡೆಯವನು, ನಮ್ಮ ಹೊಲದ ಮೇಲೆ ಎದ್ದ ಅದೇ ಅಪಾರ್ಟ್‌ಮೆಂಟಿನಲ್ಲಿ ತಾಯಿಯ ಜೊತೆ ಇರುವವನು. ಸೋಮವಾರ ಸಂಜೆ ಅವರಮ್ಮ ಅಕ್ಕಪಕ್ಕದವರನ್ನು ಕೂಡಿಸಿಕೊಂಡು ವಚನ ಹಾಡುತ್ತಾರೆ. ಭಾನುವಾರ ಮಗ ಗೆಳೆಯರ ತಂಡದಲ್ಲಿ ರಾಕ್ ಹಾಡುತ್ತಿದ್ದ. ಉಸಿರು ಹಿಡಿಯುವುದನ್ನು ತಾಯಿಯೇ ಕಲಿಸಿದ್ದು. ಯಾವಾಗಲೂ ಜೇಬಿನಲ್ಲಿ ಜೇಷ್ಠಮಧುವಿನ ಕಡ್ಡಿ. ಮುಂದಿನ ಸೀಟು ಸಿಕ್ಕಾಗಲೆಲ್ಲ ಅವನು ಹಾಕುತ್ತಿದ್ದದ್ದು ಒಂದೇ ಹಾಡು. ಅದರ ಕೊನೆಯಲ್ಲಿ ಒಂದು ಕೂಗು ಬರುತ್ತದೆ. ಮಾತಿಲ್ಲ, ಅರ್ಥವಿಲ್ಲ, ಎದೆಯನ್ನು ಸೀಳಿಕೊಂಡು ಮೇಲೆ ಹೋಗುವ ಬರೀ ಕೂಗು. ವಿರು ಅದನ್ನು ಹಾಡಿನವನ ಜೊತೆಗೇ ಕೂಗುತ್ತಿದ್ದ. ಪಕ್ಕದ ಬಸ್ಸಿನವರು ಕಿಟಕಿಯಿಂದ ಇಣುಕುತ್ತಿದ್ದರು. ಕತೆ ಕೇಳಿದರೆ ಮಾತ್ರ, "ನಾಳೆ ಹೇಳ್ತೀನಿ ಮಗಾ."

ಅವನ ಗಂಟಲು ಒರಟಾಗತೊಡಗಿದ್ದು ಚಳಿಗಾಲದಲ್ಲಿ. ಶೀತ ಅಂದ. ನಾನು ಬಿಡುತ್ತೇನೆಯೇ? ಹಿಂದಿನ ಸೀಟಿನಿಂದ ಅವನ ಗೊರಗೊರವನ್ನು ದಿನವೂ ಅವನಿಗೇ ವಾಪಸು ಕೊಡುತ್ತಿದ್ದೆ, ವ್ಯಾನು ನಗುತ್ತಿತ್ತು, ಅವನೂ ನಗುತ್ತಿದ್ದ. ಆದರೆ ಮಿಮಿಕ್ರಿ ಎಂದರೆ ಗಂಟಲಿನಿಂದ ಕೇಳಿಸಿಕೊಳ್ಳುವುದು. ಶೀತದ ದನಿ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ಬೆಳಿಗ್ಗೆ ಕಟ್ಟಿಕೊಂಡಿರುತ್ತದೆ, ಬಿಸಿನೀರು ಕುಡಿದರೆ ಬಿಡುತ್ತದೆ. ಇವನ ದನಿ ಮೇಲೇರುತ್ತ ಒಂದು ಜಾಗಕ್ಕೆ ಬಂದಾಗ ತುಂಡಾಗುತ್ತಿತ್ತು. ದಿನವೂ ಅದೇ ಜಾಗ. ಅದನ್ನು ಮಾಡಿ ತೋರಿಸಲು ನಾನು ಗಂಟಲಿನ ಒಂದು ಬದಿಯನ್ನು ಒತ್ತಿ ಹಿಡಿಯಬೇಕಾಗುತ್ತಿತ್ತು, ಒಳಗೆ ಏನೋ ಅಡ್ಡ ಕೂತಿರುವ ಹಾಗೆ. ಒಂದು ಬೆಳಿಗ್ಗೆ ಹಾಗೆ ಮಾಡುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿದೆ. ಎಲ್ಲರೂ ಮುಂದಿನ ತಮಾಷೆಗೆ ಕಾಯುತ್ತಿದ್ದರು.

"ಇದು ಶೀತ ಅಲ್ಲ ಗುರು. ಡಾಕ್ಟ್ರಿಗೆ ತೋರ್ಸು" ಅಂದೆ.

"ಯಾವ ಡಾಕ್ಟ್ರ ವಾಯ್ಸಲೇ ಇದು?" ಎಂದು ವಿರು ನಕ್ಕ. ನನ್ನದೇ ದನಿಯಲ್ಲಿ ಹೇಳಿದ್ದರಿಂದ ಯಾರೂ ನಂಬಲಿಲ್ಲ.

ಕೊನೆಗೆ ಶೋಭಕ್ಕ ಗದರಿಸಿ ಕಳಿಸಿದಳು. ಧ್ವನಿತಂತುವಿನ ಮೇಲೆ ಗಂಟಿತ್ತು. ತೆಗೆಯಬೇಕು, ತೆಗೆದು ಪರೀಕ್ಷೆಗೆ ಕಳಿಸಬೇಕು, ಅದು ಎಂಥದ್ದೆಂದು ಆಮೇಲಷ್ಟೇ ಗೊತ್ತಾಗುವುದು ಎಂದರು ಡಾಕ್ಟರು. ದನಿ ಮೊದಲಿನ ಹಾಗೆ ಬರುತ್ತದೆಯೇ ಎಂದು ಕೇಳಿದ್ದಕ್ಕೆ ಮಾತು ಕೊಡಲಾರೆ ಅಂದರಂತೆ.

ಆಪರೇಷನ್ನಿಗೆ ಮುಂಚೆ, ಕಾರ್ಖಾನೆಯ ಗೇಟಿನೆದುರಿನ ಟೀ ಅಂಗಡಿಯಲ್ಲಿ, ವಿರು ಲೋಟ ಕೆಳಗಿಟ್ಟು ಹೇಳಿದ: "ನನ್ನ ದನಿ ಕಲ್ತ್ಕೋ. ಪೂರ್ತಿ."

"ಬಾಡಿಗೆಗೆ ಇಟ್ಕೋಬೇಕಾ, ಭೋಗ್ಯಕ್ಕಾ?" ಅಂದೆ. ಅವನು ನಗಲಿಲ್ಲ.

"ನೀನು ಹಾಡಿರೋದೆಲ್ಲ ರೆಕಾರ್ಡ್ ಇದ್ಯಲ್ಲೋ" ಅಂದೆ.

"ಹಾಡಿದ್ದು ಐತೆ. 'ಅವ್ವಾ, ಟವೆಲ್ ಕೊಡು' ಅನ್ನೋದನ್ನ ಯಾರು ರೆಕಾರ್ಡ್ ಮಾಡಿಟ್ಕೊಂಡಿರ್ತಾರೆ?"

ಆಮೇಲಿನ ದಿನಗಳಲ್ಲಿ ಊಟದ ಬಿಡುವಿನಲ್ಲಿ ನಿಂತ ವ್ಯಾನಿನೊಳಗೆ ಕೂತು, ಅವನು ಆಡಿದ್ದನ್ನೇ ನಾನು ಆಡಿದೆ. ಬಾಗಿಲು ತೆಗಿ. ಸಾರಿಗೆ ಉಪ್ಪು ಕಡಿಮೆ. ನಾನು ಹೋಗಿ ಬರ್ತೀನಿ. ಒರಟಿನ ಕೆಳಗೆ ಉಳಿದಿದ್ದ ಹಳೆಯ ದನಿಯನ್ನು ಹುಡುಕಿ ಹುಡುಕಿ ತೆಗೆದೆ. ಸರಿ ಬಂದಾಗ ವಿರು ಮುಖ ಆ ಕಡೆ ತಿರುಗಿಸುತ್ತಿದ್ದ.

ಆಪರೇಷನ್ ಆಯಿತು. ಕೆಲವು ದಿನ ಮಾತಾಡಬಾರದು, ಪಿಸುಗುಟ್ಟಬಾರದು, ಕೆಮ್ಮಬಾರದು, ನಗಬಾರದು. ಡ್ರಾಯಿಂಗ್ ಕೆಲಸಕ್ಕೆ ಬಾಯಿ ಬೇಡವಲ್ಲ, ಮನೆಯಲ್ಲಿ ಕೂರಲಾರದೆ ವ್ಯಾನು ಹತ್ತಿದ. ಆ ದಿನಗಳನ್ನು ನೆನೆದರೆ ಈಗಲೂ ಮೈ ಬೆವರುತ್ತದೆ. ಅವನನ್ನು ನಗಿಸಬಾರದು ಎಂದ ಮೇಲೆ ನಾನು ಬಾಯಿ ತೆರೆಯುವಂತಿಲ್ಲ. ನಾನು ಸುಮ್ಮನೆ ಕೂತಿರುವುದೇ ಎಲ್ಲರಿಗೂ ನಗು ತರಿಸುತ್ತಿತ್ತು, ಹಾಗಾಗಿ ಮುಖಕ್ಕೆ ಪೇಪರು ಅಡ್ಡ ಹಿಡಿದು ಕೂರುತ್ತಿದ್ದೆ. ಮುನಿರಾಜಣ್ಣ ಬಾಣಂತಿಯನ್ನು ಕರೆದೊಯ್ಯುವವನ ಹಾಗೆ ರಸ್ತೆಯ ಗುಂಡಿಗಳನ್ನು ದಾಟುತ್ತಿದ್ದ. ಒಂದು ದಿನ ಶೋಭಕ್ಕನ ಫೋನಿಗೆ ಮ್ಯಾನೇಜರ್ ಕರೆ ಬಂತು. ಅವಳು ಗೊತ್ತಿಲ್ಲದೆ ಸ್ಪೀಕರಿಗೆ ಹಾಕಿದಳು. ರಜೆಯ ಮಾತು. ಸಾಕ್ಷಾತ್ ಮೂಲ ಮೂಗಿನಿಂದಲೇ ಬಂತು: "ನೋಡೋಣಾ." ವಿರುವಿನ ಕೆನ್ನೆ ಉಬ್ಬಿತು. ಹೆಗಲು ಅಲುಗಿತು. ಕಣ್ಣಲ್ಲಿ ನೀರು. ಶೋಭಕ್ಕ ಫೋನು ಬಿಸಾಡಿ ಅವನ ತೋಳನ್ನು ಎರಡೂ ಕೈಯಲ್ಲಿ ಚಿವುಟಿ ಹಿಡಿದಳು, ನಗು ನೋವಾಗಿ ತಿರುಗುವವರೆಗೆ ಬಿಡಲಿಲ್ಲ. "ಅಯ್ಯೋ ಶಿವ್ನೆ, ಗಾಡಿ ಪಕ್ಕಕ್ಕಾಕ್ಲಾ?" ಎಂದ ಮುನಿರಾಜಣ್ಣ. ಮ್ಯಾನೇಜರು ಕೆಳಗೆ ಬಿದ್ದ ಫೋನಿನಲ್ಲಿ "ಹಲೋ, ಹಲೋ" ಎನ್ನುತ್ತಲೇ ಇದ್ದರು.

ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿರಲಿಲ್ಲ.

ಆ ವಾರದ ಒಂದು ಸಂಜೆ ಅವನ ಜೊತೆ ಮನೆಗೆ ಹೋದೆ. ಅವರಮ್ಮ ಚಹಾ ತಂದಿಟ್ಟು ಎದುರಿಗೆ ಕೂತರು. ಸೋಮವಾರವಾದರೂ ಹಾಡು ಇರಲಿಲ್ಲ. ಮಗ ಸುಮ್ಮನಿರುವ ಮನೆಯಲ್ಲಿ ತಾನೊಬ್ಬಳೇ ಹೇಗೆ ಹಾಡಲಿ ಎಂದು ನಿಲ್ಲಿಸಿಬಿಟ್ಟಿದ್ದರು. ಸೆರಗಿನ ಅಂಚು ತಿರುವುತ್ತ ನನ್ನ ಕಡೆ ನೋಡಿದರು.

"ಇವನ ದನಿ ನಿನಗ ಬರತೈತಂತಲ್ಲಪಾ. ಒಂದಸಲ ಅವ್ವಾ ಅನ್ನು. ಇವನಂಗ."

ನನ್ನ ಪಕ್ಕ ಕೂತಿದ್ದ ವಿರು ಲೋಟವನ್ನು ಬಾಯಿಂದ ಇಳಿಸಿದ. ನಾನು ಅವನನ್ನು ನೋಡಿದೆ. ಅವನು ಲೋಟದೊಳಗೇ ನೋಡುತ್ತಿದ್ದ. ಆ ದನಿ ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅಷ್ಟು ಸರಿಯಾಗಿ ನಾನು ಯಾರ ದನಿಯನ್ನೂ ಕಲಿತಿರಲಿಲ್ಲ. ಬಾಯಿ ತೆರೆದೆ. ನನ್ನ ಬಾಯಿಂದ ಆ ಪದ ಹೊರಟು, ಇವರು "ಏನಪ್ಪಾ" ಎಂದು ಓಗೊಟ್ಟರೆ, ಎದುರಿಗೆ ಕೂತ ಮಗ ಎಲ್ಲಿಗೆ ಹೋಗಬೇಕು? ಉಳಿಯುತ್ತಾನೋ, ಹೋಗುತ್ತಾನೋ ಎಂದು ಇನ್ನೂ ಯಾರೂ ಹೇಳಿರದ ಮಗ.

"ಅವನೇ ಕರೀತಾನಮ್ಮ. ಸ್ವಲ್ಪ ತಡ್ಕೊಳ್ಳಿ" ಅಂದೆ, ನನ್ನ ಸ್ವಂತ 'ಪುಟ್ಟೀ' ದನಿಯಲ್ಲಿ.

ಅವರು ನನ್ನನ್ನೇ ನೋಡಿದರು. "ಹೌದೌದು. ನಾನರ ಎಂಥಾಕಿ" ಎಂದು ಎದ್ದು ಅಡುಗೆಮನೆಗೆ ಹೋದರು. ಅಲ್ಲಿ ಬಹಳ ಹೊತ್ತು ನಲ್ಲಿ ಬಿಟ್ಟ ಸದ್ದು ಕೇಳಿಸಿತು. ವಿರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಗಟ್ಟಿಯಾಗಿ ಒತ್ತಿದ.

ಗಂಟು ಕೆಟ್ಟದ್ದಲ್ಲ ಎಂದು ಗೊತ್ತಾದ ದಿನ ಮುನಿರಾಜಣ್ಣ ವ್ಯಾನಿಗೆ ನಿಂಬೆಹಣ್ಣು ಕಟ್ಟಿದ. ಪ್ರಾಣದ ಭಯ ಹೋಯಿತು. ದನಿಯದು ಉಳಿಯಿತು. ಡಾಕ್ಟರು ಮಾತಾಡು ಅಂದ ಮೊದಲ ದಿನ ಅವನು ಮನೆಯಲ್ಲಿ ಏನಂದನೋ ನಾನು ಕೇಳಲಿಲ್ಲ. ಮರುದಿನ ಮುಂದಿನ ಸೀಟಿನಲ್ಲಿ ಕೂತ. ಅದೇ ಹಾಡು ಹಾಕಿದ. ಕೂಗು ಬರುವ ಮುಂಚೆಯೇ ಕೈ ಚಾಚಿ ನಿಲ್ಲಿಸಿದ. ಆಮೇಲೆ ಒಂದು ದನಿ ಮಾತಾಡಿತು. ಜಲ್ಲಿಯ ಮೇಲೆ ಡ್ರಮ್ಮು ಉರುಳಿಸಿದ ಹಾಗೆ, ತಗ್ಗು, ಒರಟು. ನಾವ್ಯಾರೂ ಅದನ್ನು ಮೊದಲು ಕೇಳಿರಲಿಲ್ಲ.

"ಅಪ್ಪ ತೀರ್ಕೊಂಡ ವರ್ಷ. ಮನೇಲಿ ಯಾರೂ ಅಳ್ಲಿಲ್ಲ. ಬಂದೋರಿಗೆ ಚಾ ಮಾಡೋದೇ ಆಯ್ತು. ಒಂದ್ ಮಧ್ಯಾಹ್ನ ಈ ಹಾಡು ಜೋರಾಗಿ ಹಾಕಿದ್ದೆ. ಅವ್ವ ಬಯ್ಯಾಕೆ ಬಂದ್ಲು. ಆ ಕೂಗು ಬಂತು. ಬಾಗ್ಲಲ್ಲೇ ನಿಂತು, 'ಯಾರನ್ನ ಕಳಕೊಂಡಾನಲೇ ಇವನು?' ಅಂದ್ಲು. ಗೊತ್ತಿಲ್ಲವ್ವ ಅಂದೆ. 'ಇನ್ನೊಮ್ಮೆ ಹಾಕು' ಅಂದು, ನೆಲದ ಮ್ಯಾಲೆ ಕೂತು ಅತ್ಲು. ಆಮೇಲೆ ಯಾವಾಗ್ಲಾದ್ರೂ ಅವಳೇ ಕೇಳ್ತಿದ್ಲು, ಅದನ್ನ ಕೂಗೋ ಅಂತ. ಅವಳಿಗೋಸ್ಕರ ಕಲ್ತಿದ್ದು."

ವಿರು ಕಳೆದುಕೊಂಡದ್ದು ಏನೆಂದು ಆಗಷ್ಟೇ ನಮಗೆ ತಿಳಿಯಿತು. ಅಂದಿನಿಂದ ತನ್ನ ಸರದಿ ಬಂದಾಗಲೆಲ್ಲ ಹಾಡು ಹಾಕುತ್ತಾನೆ, ಕೂಗಿಗೆ ಮುಂಚೆ ಕೈ ಚಾಚುತ್ತಾನೆ. ಹೀಗೇ ತಿಂಗಳುಗಳು ಹೋದವು.

ಇವತ್ತು ಬೆಳಿಗ್ಗೆ ಬನ್ನೇರುಘಟ್ಟ ಸರ್ಕಲ್ಲಿನಲ್ಲಿ ವ್ಯಾನು ನಿಂತಿತ್ತು. ವಿರು ಹಿಂದೆ ತಿರುಗಿ, "ನನ್ನ ಹಳೇ ದನಿ ಒಂದ್ಸಲ ತೆಗಿಯೋ" ಅಂದ. ಇಷ್ಟು ದಿನ ಅವನೂ ಕೇಳಿರಲಿಲ್ಲ, ನಾನೂ ಮುಟ್ಟಿರಲಿಲ್ಲ. ಕಣ್ಣು ಮುಚ್ಚಿ, ಗಂಟಲು ಸರಿಮಾಡಿಕೊಂಡು, "ನಾನು ಹೋಗಿ ಬರ್ತೀನಿ" ಅಂದೆ.

"ಇದು ಈಗಿನ್ದಲ್ವಣ್ಣ?" ಎಂದ ಮುನಿರಾಜಣ್ಣ.

ಹೌದು, ಬಂದದ್ದು ಜಲ್ಲಿಯ ದನಿ. ಮತ್ತೆ ಪ್ರಯತ್ನಿಸಿದೆ. ಮತ್ತೆ ಅದೇ. ಒರಟಿನ ಕೆಳಗೆ ತಡಕಿದೆ, ಏನೂ ಸಿಗಲಿಲ್ಲ. ದಿನವೂ ಕೇಳಿ ಕೇಳಿ ಹೊಸದು ನನ್ನ ಗಂಟಲಲ್ಲಿ ಹಳೆಯದರ ಮೇಲೆ ಕೂತುಬಿಟ್ಟಿತ್ತು.

"ಹೋಯ್ತು ಗುರು" ಅಂದೆ.

"ಪೂರ್ತಿ?"

"ಪೂರ್ತಿ."

ಅವನು ನನ್ನನ್ನು ನೋಡಿದ. ಬಯ್ಯಲಿ ಎಂದು ಕಾದೆ. ಶೋಭಕ್ಕ ಕೈಯಲ್ಲಿದ್ದ ಫೋನು ಇಳಿಸಿದಳು. ವಿರು ಮುಂದಕ್ಕೆ ತಿರುಗಿ ಹಾಡು ಹಾಕಿದ. ಕೊನೆಯ ಭಾಗ ಬಂತು. ಅವನ ಕೈ ಮುಂದೆ ಬರಲಿಲ್ಲ, ಮಡಿಲಲ್ಲೇ ಇತ್ತು. ಹಾಡಿನವನು ಮೇಲಕ್ಕೆ ಏರಿದ. ವಿರು ಅವನಿಗಿಂತ ಬಹಳ ಕೆಳಗಿನಿಂದ, ನೆಲದೊಳಗಿನಿಂದ ಎಂಬಂತೆ ಒಂದು ಕೂಗು ಎಬ್ಬಿಸಿದ. ನಡುವೆ ಒಡೆಯಿತು. ಒಡೆದ ಜಾಗದಿಂದಲೇ ಮತ್ತೆ ಹಿಡಿದು, ಉಸಿರು ಮುಗಿಯುವವರೆಗೆ ಎಳೆದ. ಪಕ್ಕದ ಬೈಕಿನವನು ಹೆಲ್ಮೆಟ್ಟಿನ ಗಾಜು ಎತ್ತಿ ನೋಡಿದ. ಇದನ್ನು ಹೇಗೆ ಮಾಡುವುದೆಂದು ನನ್ನ ಗಂಟಲು ಹವಣಿಸಲಿಲ್ಲ, ಸುಮ್ಮನೆ ಕೇಳುತ್ತ ಕೂತಿತ್ತು.

ಸಿಗ್ನಲ್ ಬಿಟ್ಟು ವ್ಯಾನು ಹೊರಟ ಮೇಲೆ ಅವನು ತಿರುಗದೆಯೇ ಹೇಳಿದ: "ಅವ್ವಂಗೆ ಹೇಳ್ಬೇಡ್ರಪ್ಪ ಯಾರೂ. ಸೋಮವಾರ ನಾನೇ ಕೇಳಿಸ್ತೀನಿ."