ಡಿಸ್ಕನ್ನೇ ಕೇಳುತ್ತಿದ್ದ ಚಂದ್ರಣ್ಣ

ಕಂಪ್ಯೂಟರಿನ ಮುಂದೆ ಕೂರುವ ಮೊದಲು ಚಂದ್ರಣ್ಣ ಚಪ್ಪಲಿ ಬಿಡುತ್ತಿದ್ದರು. ಭಕ್ತಿಯಿಂದಲ್ಲ. ಸಕಲೇಶಪುರದಲ್ಲಿ ಇಪ್ಪತ್ತು ವರ್ಷ ಜೀಪುಗಳ ವೈರಿಂಗ್ ಮಾಡಿದವರು. ಸೀಟಿನಡಿ ನುಸುಳುವಾಗ ಚಪ್ಪಲಿ ಅಡ್ಡ ಬರುತ್ತಿತ್ತಂತೆ, ಕಸುಬು ಬದಲಾದರೂ ಆ ಅಭ್ಯಾಸ ಹೋಗಲಿಲ್ಲ. ಎರಡು ವೈರು ಸಿಕ್ಕಿಸಿದ ಪುಟ್ಟ ಬಲ್ಬೊಂದು ಅವರ ಅಂಗಿ ಜೇಬಿನಲ್ಲಿ ಕೊನೆಯವರೆಗೂ ಇತ್ತು. ಯಾವ ವೈರಿನಲ್ಲಿ ಕರೆಂಟು ಹರಿಯುತ್ತಿದೆ ಎಂದು ಊಹೆ ಮಾಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಬಲ್ಬ್ ಇಟ್ಟು ನೋಡು ಮಾರಾಯ, ಅದೇ ಹೇಳ್ತೈತೆ" ಎನ್ನುತ್ತಿದ್ದರು.

ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಮೇಲೂ ಇದೇ ಬುದ್ಧಿ. ಬೇರೆಯವರು ಡಿಸ್ಕು ಸಿಕ್ಕಿಸಿ, ಮೌಸ್ ಹಿಡಿದು ಫೋಲ್ಡರುಗಳನ್ನು ತಡಕಿದರೆ ಇವರು ಕಪ್ಪು ಪರದೆ ತೆರೆದು, ಎರಡೇ ಬೆರಳಲ್ಲಿ ಒಂದು ಉದ್ದನೆಯ ಕಮಾಂಡ್ ಕುಟ್ಟುತ್ತಿದ್ದರು. ಡಿಸ್ಕಿನ ಯಾವ ಯಾವ ಬ್ಲಾಕಿಗೆ, ಎಂದರೆ ತುಂಡಿಗೆ, ನಿಜಕ್ಕೂ ಜಾಗ ಕೊಟ್ಟಿದೆ, ಯಾವುದನ್ನು ಬಿಟ್ಟುಬಿಟ್ಟಿದೆ ಎಂದು ಡಿಸ್ಕೇ ಸಾಲುಸಾಲಾಗಿ ಉತ್ತರ ಕೊಡುತ್ತಿತ್ತು. ನನಗೆ ಅರ್ಥವಾಗಲಿಲ್ಲವೆಂದಾಗ ಅವರು ಹೇಳಿದ್ದು ಇಷ್ಟು: "ಎಸ್ಟೇಟ್ ಲೈನಲ್ಲಿ ಆಳುಗಳಿಗೆ ಇಪ್ಪತ್ತು ಮನೆ ಐತೆ ಅಂತ ರೈಟರ್ ಪುಸ್ತಕದಲ್ಲಿ ಇರ್ತೈತೆ. ಇಪ್ಪತ್ತರಲ್ಲೂ ಜನ ಅವ್ರಾ? ಪುಸ್ತಕ ನೋಡಿದ್ರೆ ಗೊತ್ತಾಗಲ್ಲ ಕಣ್ರೀ. ಹೋಗಿ ಬಾಗ್ಲು ಬಡೀಬೇಕು. ಇದು ಬಾಗ್ಲು ಬಡಿಯೋ ಕೆಲ್ಸ." ಎಲ್ಲ ಡಿಸ್ಕುಗಳೂ ಬಾಯಿ ಬಿಡುವುದಿಲ್ಲವಂತೆ. ಬಾಯಿ ಬಿಡುವಂಥ ಹಳೆಯ ಸರ್ವರ್ ಡಿಸ್ಕುಗಳನ್ನು ಹುಡುಕಿ ತಂದು ಗಿರಾಕಿಗಳಿಗೆ ಹಾಕಿಕೊಡುತ್ತಿದ್ದರು.

ಹೆಗ್ಗದ್ದೆಯ ತೋಟದ ಸಾಹುಕಾರರೊಬ್ಬರು ಒಮ್ಮೆ ಅಂಥ ಡಿಸ್ಕೊಂದನ್ನು ತಂದು, ಮನೆಯ ಫೋಟೋಗಳೆಲ್ಲ ಇದರಲ್ಲಿವೆ, ಇನ್ನು ಹಳೆ ಕಂಪ್ಯೂಟರ್ ಗುಜರಿಗೆ ಹಾಕುತ್ತೇನೆ ಎಂದರು. ಚಂದ್ರಣ್ಣ ಬಾಗಿಲು ಬಡಿದು ನೋಡಿ, "ಲೈನೆಲ್ಲಾ ಖಾಲಿ ಐತಲ್ಲ ಸ್ವಾಮಿ" ಎಂದರು. ಪರದೆಯ ಮೇಲಿನ ಶಾರ್ಟ್‌ಕಟ್‌ಗಳನ್ನಷ್ಟೇ ಎಳೆದು ತಂದಿದ್ದರು ಸಾಹುಕಾರರು; ಒಂದು ಫೋಟೋವೂ ಬಂದಿರಲಿಲ್ಲ. ಅಂಗಡಿಯಲ್ಲಿದ್ದವರು ನಕ್ಕರು. ಚಂದ್ರಣ್ಣ ನಗಲಿಲ್ಲ, ಬೇಗ ಹೋಗಿ ಗುಜರಿಯವನನ್ನು ತಡೆಯಿರಿ ಎಂದರು.

ನನಗೂ ಅವರಿಗೂ ನಂಟು ಬೆಳೆದದ್ದು ನಮ್ಮಪ್ಪನ ಮಳೆಯಿಂದ. ವನಗೂರಿನ ನಮ್ಮ ಕಾಫಿ ತೋಟದಲ್ಲಿ ಅಪ್ಪ ಇಪ್ಪತ್ತಾರು ವರ್ಷ ದಿನಾ ಬೆಳಿಗ್ಗೆ ಎಂಟೂವರೆಗೆ ರೈನ್‌ಗೇಜ್ ನೋಡಿ, ಇಂಚು ಸೆಂಟಿನಲ್ಲಿ ಬರೆದಿಟ್ಟಿದ್ದರು. ಪಕ್ಕದಲ್ಲಿ ಒಂದೆರಡು ಮಾತೂ ಇರುತ್ತಿತ್ತು: ಹೂವಿನ ಮಳೆ ಸಾಲದು, ಆಳು ಬೋರ ಇವತ್ತು ಬರಲಿಲ್ಲ, ಆನೆ ಗೇಟು ಮುರಿದಿದೆ. ಅವರು ಹೋದ ಮೇಲೆ ರಿಜಿಸ್ಟರುಗಳಿಗೆ ಗೆದ್ದಲು ಹಿಡಿಯಿತು. ನಾನು ಎರಡು ವರ್ಷ ಕೂತು ವರ್ಷಕ್ಕೊಂದು ಫೈಲಿನಂತೆ ಎಲ್ಲವನ್ನೂ ಟೈಪ್ ಮಾಡಿ, ಉಳಿದ ಕಾಗದವನ್ನು ಒಲೆಗೆ ಹಾಕಿದೆ. ಆಮೇಲೆ ಚಂದ್ರಣ್ಣ ನನ್ನ ಕಂಪ್ಯೂಟರಿಗೂ ಬಾಯಿ ಬಿಡುವಂಥ ಡಿಸ್ಕೊಂದನ್ನು ಹಾಕಿ, ಫೈಲುಗಳನ್ನು ಅದಕ್ಕೆ ದಾಟಿಸಿ, ಮೊದಲಿದ್ದ ಡಿಸ್ಕನ್ನು ಎತ್ತಿಕೊಂಡು ಹೋಗುವಾಗ ಒಂದು ಬುದ್ಧಿಮಾತು ಹೇಳಿದರು: "ಮಳೆಗಾಲದಲ್ಲಿ ಇದನ್ನ ಆರಿಸ್ಬೇಡಿ. ಬೆಚ್ಚಗಿದ್ರೆ ಬೂಷ್ಟು ಹಿಡಿಯಲ್ಲ." ನಮ್ಮ ಕಡೆ ಬಟ್ಟೆಯ ಬೀರುವಿನಲ್ಲೂ ಬಲ್ಬು ಉರಿಸುತ್ತಾರೆ. ನನಗೆ ಸರಿಯೆನಿಸಿತು.

ಆಷಾಢದ ಒಂದು ಶನಿವಾರ, ಎರಡೆರಡು ಸಲ ಇದೆಯೆಂದುಕೊಂಡು 'ಮಳೆ' ಎಂಬ ಫೋಲ್ಡರನ್ನು ಅಳಿಸಿಬಿಟ್ಟೆ. ಇದ್ದದ್ದು ಅದೊಂದೇ. ಕಸದ ಬುಟ್ಟಿಯನ್ನೂ ಬರಿದು ಮಾಡಿದ ಮೇಲೆ ಅದು ಗೊತ್ತಾಯಿತು. ಟವರ್ ಬಿದ್ದು ಫೋನು ಸತ್ತಿತ್ತು, ರಸ್ತೆಗೆ ಮಣ್ಣು ಜರಿದಿತ್ತು. ಚಂದ್ರಣ್ಣನಿಗೆ ಸುದ್ದಿ ಮುಟ್ಟಿ, ಯಾರದೋ ಜೀಪು ಹಿಡಿದು ಅವರು ಬಂದದ್ದು ಮಂಗಳವಾರ. ಕಂಪ್ಯೂಟರನ್ನು ಅಲ್ಲಿಯವರೆಗೂ ನಾನು ಜೋಪಾನವಾಗಿ ಉರಿಸಿಯೇ ಇಟ್ಟಿದ್ದೆ.

ಅವರು ಚಪ್ಪಲಿ ಬಿಟ್ಟು ಕೂತು ಕಮಾಂಡ್ ಕುಟ್ಟಿದರು. ಉತ್ತರ ಓದಿದರು. ಮತ್ತೊಮ್ಮೆ ಕುಟ್ಟಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಸೋಮವಾರ ಬಂತು ಅಂದ್ರೆ ಈ ಕಂಪ್ಯೂಟ್ರು ಅಳಿಸಿದ್ದ ಜಾಗನೆಲ್ಲಾ ಡಿಸ್ಕಿಗೆ ವಾಪಸ್ ಕೊಡ್ತೈತೆ. ಮನೆ ಖಾಲಿ ಆಯ್ತು, ಗುಡಿಸ್ಕೋ ಅಂತ. ಶನಿವಾರನೇ ಆರ್ಸಿದ್ರೆ ಎಲ್ಲಾ ಸಿಕ್ತಿತ್ತು. ಆರಿಸ್ಬೇಡಿ ಅಂದೋನು ನಾನು. ನಿಮ್ಮಪ್ಪಂದು ನಾನೇ ಕಳ್ದುಬುಟ್ಟೆ."

ಅವರು ಅದನ್ನು ಹೇಳಬೇಕಾಗಿರಲಿಲ್ಲ. ಡಿಸ್ಕು ಕೆಟ್ಟಿದೆ ಎಂದಿದ್ದರೆ ನಾನು ನಂಬುತ್ತಿದ್ದೆ. ಸೋಮವಾರದ ಆ ಗುಡಿಸುವಿಕೆ ಸಣ್ಣಪುಟ್ಟ ಸಂದುಗಳನ್ನು ಮುಟ್ಟುವುದಿಲ್ಲವಂತೆ. ಅಂಥ ಸಂದುಗಳಲ್ಲಿ ಇನ್ನೂ ಉಳಿದಿದ್ದ ಬ್ಲಾಕುಗಳನ್ನು ಒಂದೊಂದಾಗಿ ಹೆಕ್ಕಿ ಸಂಜೆಯ ಹೊತ್ತಿಗೆ ಏಳು ವರ್ಷದ ಮಳೆ ತೆಗೆದರು. ಹತ್ತೊಂಬತ್ತು ವರ್ಷ ಹೋಯಿತು.

"ಫೈಲು ದಾಟಿಸುವಾಗ ನಿಮ್ಮ ಹತ್ತಿರ ಒಂದು ಕಾಪಿ ಉಳಿದಿರಬೇಕಲ್ಲ ಚಂದ್ರಣ್ಣ?" ಎಂದು ಕೇಳಿದೆ.

"ಕೆಲ್ಸ ಆದ ದಿನಾನೇ ಒರೆಸ್ತೀನಿ. ಬೇರೆಯೋರ ಮನೆ ಬೀಗದ ಕೈ ನಂಗ್ಯಾಕೆ?"

ನಾನು ಪೂರ್ತಿ ನಂಬಲಿಲ್ಲ. ಯಾರೇ ಆದರೂ ಒಂದು ಕಾಪಿ ಇಟ್ಟುಕೊಂಡೇ ಇರುತ್ತಾರೆ ಎಂದುಕೊಂಡೆ. ವರ್ಷಗಳು ಕಳೆದರೂ ಆ ಆಸೆಯನ್ನು ಬಿಡಲಿಲ್ಲ. ಅಂಗಡಿಗೆ ಹೋದಾಗೆಲ್ಲ ಅವರ ಹೆಗಲ ಮೇಲಿಂದ ನೋಡಿ ನೋಡಿ ಆ ಕಮಾಂಡನ್ನೂ ಕಲಿತೆ.

ಹೋದ ಮಳೆಗಾಲಕ್ಕೆ ಸ್ವಲ್ಪ ಮೊದಲು ಚಂದ್ರಣ್ಣ ತೀರಿಕೊಂಡರು. ಸಕ್ಕರೆ ಕಾಯಿಲೆ ಇತ್ತು, ಯಾರಿಗೂ ಹೇಳಿರಲಿಲ್ಲ. ತಿಂಗಳು ಕಳೆದ ಮೇಲೆ ಅವರ ಹೆಂಡತಿ ಲಲಿತಕ್ಕ ನನ್ನನ್ನು ಕರೆದರು. "ಅಂಗ್ಡಿ ಬಿಟ್ಕೊಡ್ಬೇಕು. ಮೂರು ಡಿಸ್ಕ್ ಐತೆ. ಯಾರ್ದಾದ್ರೂ ಇದ್ರೆ ಕೊಟ್ಬುಡನ, ಒಸಿ ನೋಡಿ." ಯಾರದೆಂದು ನೋಡಲು ಹೋದೆ ಎಂದರೆ ಅರ್ಧ ನಿಜ. ನಾನು ಹೋದದ್ದು ಅಪ್ಪನ ಮಳೆ ಹುಡುಕಲು.

ಏಕೋ ನಾನೂ ಚಪ್ಪಲಿ ಬಿಟ್ಟು ಕೂತೆ. ಮೊದಲನೆಯ ಡಿಸ್ಕನ್ನು ಕೇಳಿದೆ. ಆರಂಭದಿಂದ ಕೊನೆಯವರೆಗೆ ಖಾಲಿ, ಒಂದೇ ಸಾಲಿನ ಉತ್ತರ. ಎರಡನೆಯದೂ ಹಾಗೆಯೇ. ಮೂರನೆಯದನ್ನು ಎರಡು ಸಲ ಕೇಳಿದೆ, ಅದೇ ಉತ್ತರ.

ಲಲಿತಕ್ಕ ಕಾಫಿ ತಂದಿಟ್ಟರು. "ಮಳೆ ಹುಡುಕ್ತಿದ್ದೀರಾ?" ಎಂದರು.

"ಅವತ್ತು ನಿಮ್ಮನೆಯಿಂದ ಬಂದೋರು ಊಟ ಮಾಡ್ಲಿಲ್ಲ. ಒಂದು ಕಾಪಿ ಇಟ್ಕಂಡಿದ್ರೆ ಏನಾಗ್ತಿತ್ತು ಅಂದೆ. ಇಟ್ಕಳೋನು ಅಂತ ಗೊತ್ತಾದ್ರೆ ನಂಗೆ ಯಾರು ಡಿಸ್ಕ್ ಕೊಡ್ತಾರೆ ಅಂದ್ರು. ಆಮೇಲೆ ಆ ಚೀಟಿ ಬರ್ದು ಅಂಟಿಸಿದ್ರು."

ಗೋಡೆಯ ಮೇಲೆ ಅವರ ಓರೆ ಅಕ್ಷರದಲ್ಲಿ ಹೀಗಿತ್ತು: 'ತಪ್ಪಿ ಏನಾದರೂ ಅಳಿಸಿದರೆ ಮೊದಲು ಕಂಪ್ಯೂಟರ್ ಆರಿಸಿ. ಬೂಷ್ಟು ಹಿಡಿದರೂ ಚಿಂತೆಯಿಲ್ಲ.' ನನಗೆ ದುಃಖವಾಯಿತು, ನಾಚಿಕೆಯೂ ಆಯಿತು. ಆ ಮನುಷ್ಯ ನನಗೆ ಒಂದೇ ಒಂದು ಸಲ ಸುಳ್ಳು ಹೇಳಿರಲಿ ಎಂದು ಇಷ್ಟು ವರ್ಷ ಹಾರೈಸಿಕೊಂಡು ಬಂದಿದ್ದೆ.

"ಯಾರ್ದೂ ಏನೂ ಇಲ್ಲ ಅಕ್ಕ" ಎಂದೆ.

ಹೊರಗೆ ಜಡಿಮಳೆ ಹಿಡಿದಿತ್ತು. ಕಾಫಿ ಕುಡಿದು, ಚೀಟಿಯನ್ನು ಇನ್ನೊಮ್ಮೆ ಓದಿ, ಚಂದ್ರಣ್ಣನ ಕಂಪ್ಯೂಟರನ್ನು ಆರಿಸಿ ಎದ್ದೆ.