ಜೊಂಡು ತೆಗೆಯುವ ದಿನ

ಬೆಳಗಿನ ಐದೂವರೆ. ಥಾಬಾ-ಟ್ಸೆಕಾ ಬೆಟ್ಟದ ಕುದುರೆ ಲಾಯದಲ್ಲಿ ಮಂಜು ಬಾಗಿಲವರೆಗೂ ಬಂದು ನಿಂತಿದೆ. ಹೆಗಲ ಮೇಲೆ ಕಂಬಳಿ ಹೊದ್ದ ಮಾಟ್ಸೆಲಿಸೊ ಕಂಕುಳಲ್ಲಿ ಸಿರಿಂಜ್ ಅವುಚಿಕೊಂಡು ಬರುತ್ತಾರೆ. ಸೂಜಿ ತಣ್ಣಗಿದ್ದರೆ ಮರಿ ಬೆಚ್ಚುತ್ತದೆ ಎಂಬುದು ಅವರ ಲೆಕ್ಕ. ಮೊರಿತಿ ಎಂಬ ಹೆಣ್ಣು ಕುದುರೆಯ ಬಾಗಿಲಿಗೆ ಜೊಂಡಿನ ಕಡ್ಡಿಯೊಂದನ್ನು ಸಿಕ್ಕಿಸಿದ್ದಾರೆ. ಒಳಗೆ ಅದರ ಬೂದು ಮರಿ ತಾಯಿಯತ್ತ ನೋಡದೆ ಗೋಡೆಯಾಚೆಗೆ ಕಿವಿ ನಿಮಿರಿಸಿ ನಿಂತಿದೆ. ಆಚೆ ಬದಿಯಲ್ಲಿದ್ದ ಮುದಿ ಕುದುರೆ ಲೆರೊಲೆ ಸತ್ತು ಇಪ್ಪತ್ತು ದಿನವಾಯಿತು.

"ದಿನಾ ಇದೇ ಹೊತ್ತಿಗೆ ಹೀಗೆ ನಿಲ್ಲುತ್ತೆ. ನನಗೂ ಭಯ ಆಗುತ್ತೆ, ಸುಳ್ಳು ಯಾಕೆ ಹೇಳ್ಲಿ? ಸತ್ತವನ ರಕ್ತ ಇದರ ಮೈಯಲ್ಲಿ ಓಡಾಡ್ತಿದೆ" ಎನ್ನುತ್ತಾ ಅವರು ಮರಿಯ ಕತ್ತು ಸವರುತ್ತಾರೆ.

ಐವತ್ತೆರಡರ ಮಾಟ್ಸೆಲಿಸೊ ಹತ್ತೊಂಬತ್ತು ವರ್ಷದಿಂದ ಇಲ್ಲಿ ಪರೀಕ್ಷೆಗೆಂದು ಮರಿಗಳ ರಕ್ತ ತೆಗೆಯುತ್ತಿದ್ದಾರೆ. ಮೊಲೆಗೆ ಬಾಯಿಡುವ ಮುನ್ನ ಒಮ್ಮೆ, ಮರುದಿನ, ವಾರಕ್ಕೆ, ತಿಂಗಳಿಗೆ. ಈ ವಸಂತದಲ್ಲಿ ಹನ್ನೊಂದು ಮರಿಗಳು. ಹುಟ್ಟಿದಾಗ ನೂರರಲ್ಲಿ ನಲವತ್ತಮೂರು ಪಾಲು ಕೆಂಪು ಕಣಗಳಿರುವ ಗಟ್ಟಿ ರಕ್ತ, ತಿಂಗಳಿಗೆ ಮೂವತ್ತಮೂರಕ್ಕೆ ಇಳಿಯುತ್ತದೆ. ಹಿಂದೊಮ್ಮೆ ಬಂದ ಗುಮಾಸ್ತರೊಬ್ಬರು ದೊಡ್ಡ ಕುದುರೆಗಳ ರಕ್ತದ ಅಂಕಿಗಳ ಪಟ್ಟಿ ಹಿಡಿದು, ಮರಿಗಳೆಲ್ಲ ರಕ್ತಹೀನತೆಯಿಂದ ಸಾಯುತ್ತಿವೆ ಎಂದು ಮೇಲಿನವರಿಗೆ ಬರೆದಿದ್ದರಂತೆ. ಮಾಟ್ಸೆಲಿಸೊ ಅದನ್ನು ನೆನಪಿಸಿಕೊಂಡು ಈಗಲೂ ನಗುತ್ತಾರೆ. ಮರಿಗೆ ಮರಿಯದೇ ಲೆಕ್ಕ ಎನ್ನುವುದನ್ನು ಅವರು ಓದಿ ಕಲಿತದ್ದಲ್ಲ.

ಆದರೆ ಒಂದು ಅಂಕಿ ಮಾತ್ರ ಏರಲೇಬೇಕು. ರೋಗ ತಡೆಯುವ ಪ್ರತಿಕಾಯ ಹುಟ್ಟುವಾಗ ಮರಿಯಲ್ಲಿ ಇರುವುದೇ ಇಲ್ಲವೆನ್ನಬಹುದು. ಗಿಣ್ಣುಹಾಲು ಕುಡಿದರೆ ಮರುದಿನ ಎಂಟುನೂರು ದಾಟುತ್ತದೆ. ಬೂದು ಮರಿ ಹುಟ್ಟಿದ ಮರುದಿನ ಅದರ ರಕ್ತದಲ್ಲಿ ಅದು ಸೊನ್ನೆಯಾಗಿತ್ತು.

ಲಾಯದವರು ಬೆವೆತುಹೋದರು. ಮರಿ ಕೆಚ್ಚಲಿಗೆ ಬಾಯಿಟ್ಟು ಚೀಪುವುದನ್ನು ಎಲ್ಲರೂ ಕೇಳಿದ್ದರು. ರಕ್ತ ಮಾತ್ರ ಈ ಮರಿ ಇನ್ನೂ ಹಾಲೇ ಕಂಡಿಲ್ಲ ಎನ್ನುತ್ತಿತ್ತು. ಮಂಜಿನಲ್ಲಿ ಥೊಕೊಲೊಸಿ ಎಂಬ ಕುಳ್ಳ ಪಿಶಾಚಿ ಬಂದು ಹಾಲು ಕುಡಿದು ಹೋಗಿದೆಯೆಂದು ಒಬ್ಬರು ಪಿಸುಗುಟ್ಟಿದರು. ಅದನ್ನು ಕೇಳಿ ಯಾರೂ ನಗಲಿಲ್ಲ.

ಮಾಟ್ಸೆಲಿಸೊ ಒಳಗೆ ಹೋಗಿ ನೆಲದ ಹುಲ್ಲು ಎತ್ತಿದರು. ಅಡಿಯ ಹುಲ್ಲೆಲ್ಲ ಒಣಗಿದ ಹಾಲಿನಿಂದ ಅಂಟಿಕೊಂಡು ಹುಳಿ ವಾಸನೆ ಹೊಡೆಯುತ್ತಿತ್ತು. ಹೆರುವ ಮೂರು ದಿನ ಮೊದಲೇ ಮೊರಿತಿಯ ಕೆಚ್ಚಲು ಸೋರಲು ಶುರುವಾಗಿತ್ತು. ಅದನ್ನು ಕಂಡ ಹಿರಿಯ ಕುದುರೆಯಾಳು ಮೊಸಿಯೊವಾ, ಹೆರಿಗೆ ಇನ್ನೇನು ಆಗೇಬಿಡುತ್ತದೆಂದು ಬಾಗಿಲಿಗೆ ಜೊಂಡು ಸಿಕ್ಕಿಸಿದ್ದರು. ಬಾಣಂತಿ ಮನೆಗೆ ಮಾಡುವಂತೆಯೇ ಇಲ್ಲಿ ಲಾಯಕ್ಕೂ ಮಾಡುತ್ತಾರೆ. ಜೊಂಡು ಕಂಡ ಮೇಲೆ ಗಂಡಸರು ಒಳಗೆ ಕಾಲಿಡುವುದಿಲ್ಲ. ಮರಿ ಉಳಿಯುತ್ತದೆಂದು ಗಟ್ಟಿಯಾದ ಮೇಲೆಯೇ ಅದನ್ನು ಕೀಳುವುದು. ಒಳಗೆ ಹೋಗಬಹುದಾಗಿದ್ದ ಮಾಟ್ಸೆಲಿಸೊ ಅಕ್ಕನ ಮಣ್ಣಿಗೆ ಹೋಗಿದ್ದರು. ಮೊಸಿಯೊವಾ ಹೊರಗಿನಿಂದಲೇ ನೀರು, ಮೇವು ಒಳಕ್ಕೆ ತಳ್ಳುತ್ತಿದ್ದರು. ಮೂರು ದಿನ ಗಿಣ್ಣುಹಾಲು ನೆಲದ ಪಾಲಾಯಿತು. ಮರಿ ಹುಟ್ಟಿದ ಸಂಜೆ ಈಕೆ ಹಿಂದಿರುಗಿದಾಗ ಉಳಿದಿದ್ದದ್ದು ಬರೀ ತೆಳು ಹಾಲು.

"ತಾಯಿ ಕಾಲಿಗೆ ಹಾಲು ಒಣಗಿ ಅಂಟಿತ್ತು. ನಾನು ನೋಡ್ಲಿಲ್ಲ. ಕಣ್ಣೆಲ್ಲ ಅಕ್ಕನ ಮೇಲಿತ್ತು" ಎನ್ನುತ್ತಾರೆ.

ಒಂದು ದಿನ ಕಳೆದರೆ ಗಿಣ್ಣುಹಾಲು ಸಿಕ್ಕರೂ ಮರಿಯ ಕರುಳು ಅದರ ಸಾರವನ್ನು ರಕ್ತಕ್ಕೆ ಬಿಡುವುದಿಲ್ಲ. ಹಿಮ ಬಿದ್ದು ದಾರಿ ಮುಚ್ಚಿತ್ತು. ರಾಜಧಾನಿ ಮಾಸೆರುವಿನ ಪಶುವೈದ್ಯೆ ಫೋನಿನಲ್ಲೇ ಹೇಳಿಕೊಟ್ಟಂತೆ ಮಾಟ್ಸೆಲಿಸೊ ಲೆರೊಲೆಯ ರಕ್ತ ತೆಗೆದು ಚೀಲಗಳನ್ನು ತೂಗುಹಾಕಿದರು. ಕೆಂಪು ಕೆಳಗಿಳಿದು ಮೇಲೆ ಪ್ರತಿಕಾಯ ತುಂಬಿದ ಹಳದಿ ನೀರು ತಿಳಿಯಾಯಿತು. ಅದನ್ನು ಮರಿಯ ನರಕ್ಕೆ ಹನಿಹನಿಯಾಗಿ ಬಿಟ್ಟರು. ಹಿಂದೆಂದೂ ಮಾಡಿರದ ಕೆಲಸ. ಮರುದಿನ ಅಂಕಿ ನಾನೂರ ಹತ್ತು.

ಹತ್ತನೆಯ ದಿನ ಲೆರೊಲೆ ಮಲಗಿದ್ದು ಏಳಲಿಲ್ಲ. ಇಪ್ಪತ್ತಾರು ವರ್ಷದ ಪ್ರಾಣಿ, ವಯಸ್ಸಾಗಿತ್ತು ಎಂದರು ವೈದ್ಯೆ. ಮಾಟ್ಸೆಲಿಸೊ ಅರ್ಧ ನಂಬಿದ್ದಾರೆ. ಮರಿಯ ರಕ್ತದಲ್ಲಿದ್ದ ಸಾಲದ ಕಾವಲು ಕರಗುತ್ತಾ ಹೋಯಿತು. ಇಪ್ಪತ್ತನೆಯ ದಿನ ಇನ್ನೂರ ಮೂವತ್ತು. ಇವತ್ತು ಇನ್ನೂ ಇಳಿದಿದ್ದರೆ ಮರಿಗೆ ತನ್ನದೇ ಕಾವಲು ಹುಟ್ಟಿಲ್ಲವೆಂದೇ ಅರ್ಥ. ಆಗ ಒಂದು ಕೆಮ್ಮು ಸಾಕು, ಮರಿ ಉಳಿಯುವುದಿಲ್ಲ.

ರಕ್ತ ಯಂತ್ರಕ್ಕೆ ಹೋಗುತ್ತದೆ. ಮೊಸಿಯೊವಾ ಹುಳಿಗಂಜಿಯ ಬಟ್ಟಲು ಹಿಡಿದು ಜೊಂಡಿನಿಂದ ಮಾರು ದೂರ ನಿಲ್ಲುತ್ತಾರೆ. ಗಿಣ್ಣುಹಾಲು ಸೋರಿಹೋದದ್ದು ತಿಳಿದಂದಿನಿಂದ ಅವರು ಈಕೆಯ ಮುಖ ನೋಡಿ ಮಾತಾಡಿಲ್ಲ. ಗೋಡೆಯಾಚೆ ಏನೋ ಸರಿದಂತಾಗುತ್ತದೆ. ಮರಿ ಸಣ್ಣಗೆ ಕೆನೆಯುತ್ತದೆ. ಇಬ್ಬರೂ ಅತ್ತ ತಿರುಗುವುದಿಲ್ಲ.

ಯಂತ್ರ ಮುನ್ನೂರ ಅರವತ್ತು ಎನ್ನುತ್ತದೆ. ಮಾಟ್ಸೆಲಿಸೊ ಎರಡು ಸಲ ಓದಿ ಮೊಸಿಯೊವಾ ಕಡೆ ತಿರುಗುತ್ತಾರೆ.

"ಏರಿದೆ, ನ್ತಾತೆ, ಏರಿದೆ ಅಪ್ಪಾ. ಸತ್ತವನು ಹೊಸದಾಗಿ ಕೊಡೋಕಾಗಲ್ಲ. ಇದು ಇದರದ್ದೇ."

ಮೊಸಿಯೊವಾ ಬಟ್ಟಲು ಕೆಳಗಿಡುತ್ತಾರೆ. "ಮ್ಮೆ, ತಾಯೀ, ಜೊಂಡು ನೀವೇ ತೆಗೀರಿ. ನನ್ನ ಕೈ ಬೇಡ."

ಈಕೆ ಅವರ ಕೈ ಹಿಡಿದು ಬಾಗಿಲಿಗೆ ಒಯ್ಯುತ್ತಾರೆ. ಇಬ್ಬರೂ ಸೇರಿ ಕಡ್ಡಿ ಕೀಳುತ್ತಾರೆ. ಮರಿ ಹೊರಗೆ ಬಂದು ನೇರ ಲೆರೊಲೆಯ ಖಾಲಿ ಲಾಯಕ್ಕೆ ಹೋಗಿ, ನೆಲ ಮೂಸಿ, ಬಹಳ ಹೊತ್ತು ಸುಮ್ಮನೆ ನಿಲ್ಲುತ್ತದೆ. ಆಮೇಲೆ ಯಾರೋ ಹೋಗು ಎಂದಂತೆ ತಿರುಗಿ ತಾಯಿಯ ಬಳಿಗೆ ಓಡುತ್ತದೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಮಾಟ್ಸೆಲಿಸೊ ರಿಜಿಸ್ಟರ್ ತೆರೆಯುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಅದರಲ್ಲಿ ಒಂದು ಅಂಕಿಯನ್ನೂ ಅವರು ತಿದ್ದಿಲ್ಲ. ಈಗ ಮರಿ ಹುಟ್ಟಿದ ತಾರೀಖಿನ ಕೆಳಗೆ ಇವತ್ತಿನ ತಾರೀಖನ್ನೂ ಹುಟ್ಟಿದ ದಿನವೆಂದೇ ಬರೆಯುತ್ತಾರೆ.

"ಎರಡೂ ಇರ್ಲಿ. ಯಾರಾದ್ರೂ ತಪ್ಪು ಅಂದ್ರೆ, ನನ್ನ ಹತ್ರ ಕಳ್ಸಿ."