ಗೋಡೆ ದಾಟಿದ ಖಾರ

ಗುರವ್ವ ಹುಟ್ಟಿದ್ದು ಮನೋಳಿಯಲ್ಲಿ, ಬಾಳ್ವೆ ಮಾಡಿದ್ದು ಬೈಲಹೊಂಗಲದಲ್ಲಿ. ಆಕೆಯ ಮಸಾಲಿ ಖಾರಕ್ಕೆ ಓಣಿಯಲ್ಲೆಲ್ಲ ಹೆಸರಿತ್ತು. ಮೆಣಸಿನಕಾಯಿ, ಒಣಕೊಬ್ಬರಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ ಹುರಿದು ಒರಳಲ್ಲಿ ತಾನೇ ಕುಟ್ಟುತ್ತಿದ್ದಳು. ಮದುವೆ ಮನೆಯವರು ತಿಂಗಳು ಮೊದಲೇ ಬಂದು ಹೇಳಿ ಹೋಗುತ್ತಿದ್ದರು. ಐವತ್ತು ದಾಟಿ ರಟ್ಟೆ ಸೋತಾಗ ಗಂಡ ನಿಜಗುಣಪ್ಪ ಕಿತ್ತೂರಿನ ಕಡೆ ಮುಚ್ಚಿಹೋಗಿದ್ದ ಗಿರಣಿಯೊಂದರಿಂದ ಖಾರ ಕುಟ್ಟುವ ಯಂತ್ರ ತಂದು ಮನೆಯ ಮುಂದಿನ ಕೋಣೆಯಲ್ಲಿ ಕೂಡಿಸಿದ. ವಾರದ ಕೆಲಸ ಒಂದೇ ದಿನಕ್ಕೆ ಮುಗಿಯತೊಡಗಿತು.

ಆರನೇ ತಿಂಗಳಿಗೆ ಪುರಸಭೆಯಿಂದ ನೋಟೀಸು ಬಂತು. ವಸತಿ ಪ್ರದೇಶದಲ್ಲಿ ಪರವಾನಗಿ ಇಲ್ಲದೆ ಯಂತ್ರ ನಡೆಸುತ್ತಿದ್ದೀರೆಂದು ದೂರು ಬಂದಿದೆ, ಉತ್ತರ ಕೊಡಿ ಎಂದಿತ್ತು. ದೂರು ಕೊಟ್ಟವನು ಪಕ್ಕದ ಮನೆಯ ಮಲಕಾಜಪ್ಪ, ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತನಾದವನು.

"ಹಬ್ಬ ತಪ್ಪಸದ ಹೋಳಿಗಿ ಕೊಟ್ಟೀನಿ. ಬಾಯಿ ಬಿಟ್ಟು ಒಂದ ಮಾತು ಹೇಳಾಕ ಆಗಲಿಲ್ಲೇನು ಅವಗ?" ಎಂದು ಗುರವ್ವ ಕೆಂಡವಾದಳು.

"ಒದರಬ್ಯಾಡ. ಮೊದಲ ಆಫೀಸಿಗೆ ಹೋಗಿ ಕೇಳೂಣು," ಎಂದ ನಿಜಗುಣಪ್ಪ.

ಪುರಸಭೆಯಲ್ಲಿ ಪರವಾನಗಿಯ ಕೆಲಸ ನೋಡುತ್ತಿದ್ದವಳು ಅನ್ನಪೂರ್ಣಾ ಎಂಬ ಹುಡುಗಿ. ಕುರ್ಚಿ ಎಳೆದು ಕೂಡಿಸಿದಳು.

"ಮನ್ಯಾಗ ಉದ್ಯೋಗ ಮಾಡಬ್ಯಾಡ್ರಿ ಅಂತ ಯಾರೂ ಅನ್ನೂದಿಲ್ರಿ, ಅವ್ವಾರ. ಹೊಲಿಗಿ, ರೊಟ್ಟಿ, ಪಾಕೀಟು ಕಟ್ಟೂದು, ಮಂದಿಗೆ ತ್ರಾಸ ಆಗದಂಗ ಅರ್ಜಿ ಕೊಟ್ಟು ಮಾಡ್ರಿ. ಆದ್ರ ಆ ಮಷಿನ್ ದೊಡ್ಡದೈತಿ. ಅದು ಗಿರಣಿ, ಅಂಗಡಿ ಇರೋ ಜಾಗಾಕ್ಕ ಹೋಗಬೇಕ್ರಿ."

"ಇಪ್ಪತ್ತು ವರ್ಷ ಒರಳಿನಾಗ ಕುಟ್ಟೀನಿ. ಅವಾಗ ಯಾರೂ ಕೇಳಲಿಲ್ಲಲ್ಲವಾ?"

"ಒರಳಿನ ಸಪ್ಪಳ ನಿಮ್ಮ ಮನ್ಯಾಗ ಉಳೀತಿತ್ತು. ಇದು ಗೋಡಿ ದಾಟೈತ್ರಿ. ಒಮ್ಮೆ ಆಜೂಬಾಜೂದವರ ಮನ್ಯಾಗ ಕುಂತು ನೋಡ್ರಿ."

ಆ ಮಾತು ಮನಸ್ಸಿನಲ್ಲಿ ಕೊರೆಯತೊಡಗಿತು. ಮರುದಿನ ಗುರವ್ವ ಗಂಡನಿಗೆ ಮೆಣಸಿನಕಾಯಿ ಹಾಕಿ ಯಂತ್ರ ಚಾಲೂ ಮಾಡಲು ಹೇಳಿ, ಸೆರಗು ಸರಿಪಡಿಸಿಕೊಂಡು ಮಲಕಾಜಪ್ಪನ ಮನೆ ಹೊಕ್ಕಳು. ಅವನ ಹೆಂಡತಿ ರಾಮವ್ವ ಒಳಕೋಣೆಯ ಮಂಚದ ಮೇಲೆ ಕುಳಿತಿದ್ದಳು. ಕಿಟಕಿಯ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕಿತ್ತು. ಗೂಡಿನಲ್ಲಿ ಜೋಡಿಸಿಟ್ಟ ಊಟದ ಗಂಗಾಳಗಳು ಗಡಗಡ ನಡುಗುತ್ತಿದ್ದವು. ಸ್ವಲ್ಪ ಹೊತ್ತಿಗೆ ಘಾಟು ಬಂತು. ಖಾರದಲ್ಲೇ ಆಯುಷ್ಯ ಕಳೆದ ಗುರವ್ವನಿಗೇ ಕೆಮ್ಮು ತಡೆಯಲಾಗಲಿಲ್ಲ. ರಾಮವ್ವನ ಎದೆ ತಿದಿಯಂತೆ ಏರಿ ಇಳಿಯುತ್ತಿತ್ತು.

"ಯಕ್ಕಾ, ದಮ್ಮು ಐತಂತ ಯಾಕ ಹೇಳಲಿಲ್ಲ?"

"ನೀ ದುಡ್ಯಾಕ ಹತ್ತಿದ್ದಿ... ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ," ಎಂದಳು ರಾಮವ್ವ, ಉಸಿರು ಹಿಡಿದು ಹಿಡಿದು.

ಬಾಗಿಲಲ್ಲಿ ನಿಂತಿದ್ದ ಮಲಕಾಜಪ್ಪ ತಲೆ ತಗ್ಗಿಸಿದ. "ಎದುರಿಗೆ ಹೇಳಬೇಕಿತ್ತು ತಂಗಿ. ತಪ್ಪಾತು."

ಗುರವ್ವ ಹಿತ್ತಲಿಗೆ ಓಡಿ ಗೋಡೆಯ ಮೇಲಿಂದ ಕೂಗಿದಳು: "ಬಂದ್ ಮಾಡ್ರಿ ಅದನ್ನ!"

ಜಾಗ ಸಿಗಲು ಎರಡು ತಿಂಗಳು ಹಿಡಿಯಿತು. ಎರಡು ಮದುವೆಗಳ ಖಾರ ಬೇರೆಯವರ ಪಾಲಾಯಿತು. ಕೊನೆಗೆ ಸವದತ್ತಿ ರಸ್ತೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಬಾಳೇಶ ತನ್ನ ತಗಡಿನ ಶೆಡ್ಡಿನಲ್ಲಿ ಒಂದು ಮೂಲೆ ಬಿಟ್ಟುಕೊಟ್ಟ. ಯಂತ್ರವನ್ನು ಟ್ರ್ಯಾಕ್ಟರಿಗೆ ಏರಿಸುವಾಗ ಒಂದು ಕಡೆ ನಿಜಗುಣಪ್ಪ, ಇನ್ನೊಂದು ಕಡೆ ಮಲಕಾಜಪ್ಪ ಹೆಗಲು ಕೊಟ್ಟರು. ಹುರಿಯುವುದು, ಕುಟ್ಟುವುದು ಅಲ್ಲಿ. ಮೆಣಸಿನಕಾಯಿ ತೊಟ್ಟು ಬಿಡಿಸುವುದು, ಪಾಕೀಟು ಕಟ್ಟುವುದು, ಮಾರುವುದು ಮನೆಯಲ್ಲಿ. ಎರಡಕ್ಕೂ ಪರವಾನಗಿ ಬಂತು. ತೊಟ್ಟು ಬಿಡಿಸಲು ಓಣಿಯ ಮೂವರು ಹೆಂಗಸರು ದಿನವೂ ಬರತೊಡಗಿದರು. ದೀಪಾವಳಿಯ ಹೊತ್ತಿಗೆ ರಾಮದುರ್ಗದ ಅಂಗಡಿಗೂ ಖಾರ ಹೋಯಿತು.

ಒಂದು ಮಧ್ಯಾಹ್ನ ಮಲಕಾಜಪ್ಪನ ಸೊಸೆ ಸಪ್ನಾ ಬಂದು ಗುರವ್ವನ ಮನೆಯ ಕಟ್ಟೆಯ ಮೇಲೆ ಕುಳಿತಳು.

"ಅತ್ತೀ, ನಾನೂ ಮನ್ಯಾಗ ಹೊಲಿಗಿ ಕಲಸಬೇಕಂತ ಮಾಡೇನಿ. ಎಂಟು ಮಷಿನ್ ಇಡತೇನಿ."

ಗುರವ್ವ ಕೈಯಲ್ಲಿದ್ದ ಪಾಕೀಟನ್ನು ಕೆಳಗಿಟ್ಟಳು. "ಎಂಟು ಇಡಾಕ ಬರತೈತೋ ಇಲ್ಲೋ, ಕೇಳೂಣು. ಮೊದಲ ಆಜೂಬಾಜೂದವರಿಗೆ ಹೇಳಿ ಬಾ. ನಾಳಿ ಹತ್ತಕ್ಕ ಆಫೀಸಿಗೆ ನಾನೂ ಬರತೇನಿ."